ಸ್ವಂತ ಗಿಟ್ ಸರ್ವರ್, ಸ್ವಂತ ಸ್ಕ್ರಿಪ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಾವು ನಾಲ್ಕು ಜನ ಸೇರಿ ರೈಸ್ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಲಾರಿ ತೂಕ, ಗೇಟ್ ಚೀಟಿ, ಬಿಲ್ಲು, ಹಮಾಲಿ ಲೆಕ್ಕ ಇಂಥವು. ಕೋಡೆಲ್ಲ ಆಫೀಸಿನ ಮೂಲೆಯ ಒಂದು ಹಳೇ ಡೆಸ್ಕ್‌ಟಾಪಿನಲ್ಲಿದೆ, ಗಿಟೀ ಮೇಲೆ. ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಗಿಟ್, ಅದನ್ನು ಸ್ವಂತ ಸರ್ವರಿನಲ್ಲಿ ತಂಡವೆಲ್ಲ ಬಳಸುವ ಹಾಗೆ ಮಾಡುವುದು ಗಿಟೀ. ಯಾರಾದರೂ ಪುಶ್ ಮಾಡಿದರೆ, ಅಂದರೆ ತಮ್ಮ ಬದಲಾವಣೆಯನ್ನು ಸರ್ವರಿಗೆ ಕಳಿಸಿದರೆ, ಟೆಸ್ಟ್ ತಾನಾಗಿ ಓಡುತ್ತದೆ. ಪಾಸಾದರೆ ಹೊಸ ಆವೃತ್ತಿ ಮಿಲ್ಲುಗಳಿಗೆ ತಲುಪುತ್ತದೆ, ಫೇಲಾದರೆ ಫೋನಿಗೆ ಮೆಸೇಜ್ ಬರುತ್ತದೆ. ಕೊಪ್ಪಳ, ಸಿಂಧನೂರು, ಬಳ್ಳಾರಿ ಕಡೆಯ ಗೆಳೆಯರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರು ಕೇಳಿದ್ದು, ನಾವು ಹೇಳಿದ್ದು ಇಲ್ಲಿದೆ.

ಇಂಟರ್ನೆಟ್ಟಿನಲ್ಲಿ ಕೋಡ್ ಇಡುವ ಗಿಟ್‌ಹಬ್ ಸುಮ್ನೆ ಸಿಗುತ್ತಿರುವಾಗ ಸ್ವಂತ ಸರ್ವರ್ ಯಾಕೆ ಬೇಕು?

ಎಲ್ಲರಿಗೂ ಬೇಡ. ಒಬ್ಬರೇ ಕೆಲಸ ಮಾಡುತ್ತಿದ್ದರೆ, ಇಂಟರ್ನೆಟ್ ಚೆನ್ನಾಗಿದ್ದರೆ ಅದರ ಗೋಜಿಗೆ ಹೋಗಬೇಡಿ. ಸರ್ವರ್ ಇಟ್ಟುಕೊಳ್ಳುವುದು ಎಮ್ಮೆ ಕಟ್ಟಿಕೊಂಡ ಹಾಗೆ, ದಿನಾ ನೋಡಿಕೊಳ್ಳಬೇಕು.

ನಮಗೆ ಬೇಕಾದದ್ದು ಎರಡು ಕಾರಣಕ್ಕೆ. ನಮ್ಮ ಬೀದಿಯಲ್ಲಿ ರಸ್ತೆ ಅಗೆದಾಗಲೆಲ್ಲ ಕೇಬಲ್ ಕಟ್ಟಾಗುತ್ತದೆ. ಆದರೆ ಆಫೀಸಿನ ಒಳಗಿನ ನೆಟ್‌ವರ್ಕ್ ನಡೆಯುತ್ತಲೇ ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಇನ್ನೊಂದು, ಮಿಲ್ಲಿನವರು ತಮ್ಮ ಲೆಕ್ಕಕ್ಕೆ ಸಂಬಂಧಿಸಿದ್ದು ಯಾವುದೂ ಹೊರಗೆ ಹೋಗಬಾರದು ಅನ್ನುತ್ತಾರೆ. ಕೋಡಿನಲ್ಲಿ ಅವರ ಲೆಕ್ಕ ಇರುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. “ಇದೇ ಊರಲ್ಲಿ ಐತಿ ಸಾಹುಕಾರ್ರೆ” ಅಂದರೆ ಸಮಾಧಾನ.

ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಸಣ್ಣ ತಂಡಕ್ಕೆ ಗಿಟೀ ಅಥವಾ ಫೋರ್ಜೆಯೊ. ಗಾಗ್ಸ್ ಎಂಬ ಹಳೆಯ ಸಾಫ್ಟ್‌ವೇರಿನಿಂದ 2016ರಲ್ಲಿ ಕವಲೊಡೆದದ್ದು ಗಿಟೀ. ಗಿಟೀಯಿಂದ 2022ರಲ್ಲಿ ಕವಲೊಡೆದದ್ದು ಫೋರ್ಜೆಯೊ. ಇಲ್ಲಿ ಹೇಳುವ ಮಾತು ಎರಡಕ್ಕೂ ಬಹುಪಾಲು ಹೊಂದುತ್ತದೆ. ಎರಡು ಕೋರ್, 1 ಜಿಬಿ ರ್‍ಯಾಮ್ ಇದ್ದರೆ ಗಿಟೀ ಆರಾಮಾಗಿ ಓಡುತ್ತದೆ. ಇಂಥದೇ ಇನ್ನೊಂದಾದ ಗಿಟ್‌ಲ್ಯಾಬ್ ಒಳ್ಳೆಯದೇ, ಆದರೆ ಅದರ ಹೊಟ್ಟೆ ದೊಡ್ಡದು. ಹಳೇ ಡೆಸ್ಕ್‌ಟಾಪಿನಲ್ಲಿ ಅದನ್ನು ಹಾಕಿದರೆ ಸ್ಕ್ರಿಪ್ಟುಗಳಿಗೆ ಜಾಗವೇ ಉಳಿಯುವುದಿಲ್ಲ.

ಯಾರೋ ಪುಶ್ ಮಾಡಿದರು ಎಂದು ನನ್ನ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗುತ್ತದೆ?

ನಾಲ್ಕು ದಾರಿಗಳಿವೆ. ಮೊದಲನೆಯದು ವೆಬ್‌ಹುಕ್. ಪುಶ್ ಆದ ಕೂಡಲೇ ಸರ್ವರ್ ನೀವು ಕೊಟ್ಟ ವಿಳಾಸಕ್ಕೆ ಜೇಸನ್ ಎಂಬ ನಮೂನೆಯಲ್ಲಿ ಒಂದು ಚೀಟಿ ಕಳಿಸುತ್ತದೆ. ಯಾವ ರೆಪೊ (ಕೋಡಿನ ಕಣಜ), ಯಾವ ಬ್ರ್ಯಾಂಚ್ (ಅದರ ಕವಲು), ಹಿಂದಿನ ಕಮಿಟ್ (ಉಳಿಸಿದ ಬದಲಾವಣೆ) ಯಾವುದು, ಈಗಿನದು ಯಾವುದು, ಎಲ್ಲ ಅದರಲ್ಲಿರುತ್ತದೆ. ಎರಡನೆಯದು ಗಿಟ್‌ನದೇ ಹುಕ್. ರೆಪೊದ ಫೋಲ್ಡರಿನಲ್ಲೇ ಸ್ಕ್ರಿಪ್ಟ್ ಇಡುತ್ತೀರಿ, ಗಿಟ್ಟೇ ಅದನ್ನು ಓಡಿಸುತ್ತದೆ. ಮೂರನೆಯದು ಆ್ಯಕ್ಷನ್ಸ್, ಅಂದರೆ ರೆಪೊದ ಒಳಗಿನ ಯಾಮಲ್ ಫೈಲಿನಲ್ಲಿ ಕೆಲಸ ಬರೆದಿಟ್ಟು ರನ್ನರ್ ಎಂಬ ಪ್ರೋಗ್ರಾಮಿನಿಂದ ಮಾಡಿಸುವುದು. ನಾಲ್ಕನೆಯದು ಸೀದಾ ಸಾದಾ: ಸ್ಕ್ರಿಪ್ಟೇ ಐದು ನಿಮಿಷಕ್ಕೊಮ್ಮೆ ಹೋಗಿ “ಏನಾದರೂ ಹೊಸದು ಬಂತಾ?” ಎಂದು ಕೇಳುವುದು.

ನಾಲ್ಕನೆಯದನ್ನು ಜನ ಕೀಳಾಗಿ ನೋಡುತ್ತಾರೆ. ನಮ್ಮ ಕಡೆಯ ನೆಟ್ಟಿಗೆ ಎಷ್ಟೋ ಸಲ ಅದೇ ಸರಿ. ಮುಂದೆ ಹೇಳುತ್ತೇನೆ.

ವೆಬ್‌ಹುಕ್ ಬಂದ ತಕ್ಷಣ ಅಲ್ಲೇ ಟೆಸ್ಟ್ ಓಡಿಸಿ ಡಿಪ್ಲಾಯ್ ಮಾಡಿಬಿಟ್ಟರೆ, ಅಂದರೆ ಹೊಸ ಕೋಡನ್ನು ಬಳಕೆಗೆ ಇಳಿಸಿಬಿಟ್ಟರೆ, ಏನು ತಪ್ಪು?

ಎಲ್ಲರೂ ಮೊದಲು ಹಾಗೇ ಮಾಡುತ್ತಾರೆ. ನಾವೂ ಮಾಡಿದೆವು. ಎರಡು ವಾರ ಚೆನ್ನಾಗಿ ನಡೆಯಿತು, ಆಮೇಲೆ ಗೋಳು ಶುರುವಾಯಿತು.

ಮಿಲ್ಲಿನ ಗೇಟು ನೆನೆಸಿಕೊಳ್ಳಿ. ಭತ್ತದ ಲಾರಿ ಬರುತ್ತದೆ. ಗೇಟಿನಲ್ಲಿ ಕೂತ ಗುಮಾಸ್ತ ನಂಬರ್ ಬರೆದುಕೊಂಡು ಚೀಟಿ ಕೊಟ್ಟು ಒಳಗೆ ಬಿಡುತ್ತಾನೆ, ಅಷ್ಟೇ. ಅವನೇ ಎದ್ದು ಹೋಗಿ ಮೂಟೆ ಇಳಿಸುವುದಕ್ಕೆ ನಿಂತರೆ ಹಿಂದಿನ ಲಾರಿಗಳ ಸಾಲು ಕನಕಗಿರಿ ರಸ್ತೆಯವರೆಗೂ ಬೆಳೆಯುತ್ತದೆ. ಮೂಟೆ ಇಳಿಸಲು ಹಮಾಲರು ಇದ್ದಾರೆ.

ಗಿಟೀ ತನ್ನ ವೆಬ್‌ಹುಕ್‌ಗೆ ಉತ್ತರ ಬರಲಿ ಎಂದು ಕಾಯುವುದು ಸಾಮಾನ್ಯವಾಗಿ 5 ಸೆಕೆಂಡ್. ಗಿಟ್‌ಲ್ಯಾಬ್ 10 ಸೆಕೆಂಡ್. ನಮ್ಮ ಟೆಸ್ಟಿಗೆ ನಾಲ್ಕು ನಿಮಿಷ ಬೇಕು. ಹಾಗಾಗಿ ಪ್ರತಿ ಸಲವೂ ಕೆಂಪು ಗುರುತು ಬೀಳುತ್ತಿತ್ತು, ಕೆಲಸ ಮಾತ್ರ ಹಿಂದೆ ನಡೆದೇ ಇರುತ್ತಿತ್ತು. ಯಾವ ಕೆಂಪು ನಿಜವಾದ ಕೆಂಪು ಎಂದು ಗೊತ್ತಾಗುತ್ತಿರಲಿಲ್ಲ. ಕೊನೆಗೆ ಕೆಂಪನ್ನು ನೋಡುವುದನ್ನೇ ಬಿಟ್ಟೆವು. ನಿಜವಾಗಿ ಫೇಲಾದ ದಿನವೂ ನೋಡಲಿಲ್ಲ.

ಈಗ ವೆಬ್‌ಹುಕ್ ಕೇಳುವ ಪ್ರೋಗ್ರಾಮ್ ನಲವತ್ತು ಸಾಲಿನ ಪೈಥಾನ್. ಅದು ಸಹಿ ನೋಡುತ್ತದೆ (ಸಹಿಯ ಮಾತು ಮುಂದೆ ಇದೆ), ಚೀಟಿಯನ್ನು ಒಂದು ಫೋಲ್ಡರಿನಲ್ಲಿ ಫೈಲಾಗಿ ಇಡುತ್ತದೆ, “ಬಂತು” ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಫೈಲನ್ನು ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಅದೇ ಡಿಸ್ಕಿನಲ್ಲಿ ಹೆಸರು ಬದಲಿಸಿ ಆ ಫೋಲ್ಡರಿಗೆ ಸರಿಸಬೇಕು. ಇಲ್ಲದಿದ್ದರೆ ಅರ್ಧ ಬರೆದ ಚೀಟಿಯನ್ನು ಇನ್ನೊಂದು ಸ್ಕ್ರಿಪ್ಟ್ ಎತ್ತಿಕೊಂಡುಬಿಡುತ್ತದೆ.

ಹಮಾಲನನ್ನು ಎಬ್ಬಿಸುವ ಕೆಲಸ ಲಿನಕ್ಸಿನಲ್ಲಿ ಸರ್ವಿಸುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯದು. ಅದರಲ್ಲಿ ಪಾತ್ ಯುನಿಟ್ ಎಂಬುದಿದೆ. “ಡೈರೆಕ್ಟರಿ ನಾಟ್ ಎಂಪ್ಟಿ” ಎಂಬ ಒಂದು ಸಾಲು ಬರೆದರೆ, ಫೋಲ್ಡರಿನಲ್ಲಿ ಫೈಲ್ ಬಿದ್ದ ಕೂಡಲೇ ನಿಮ್ಮ ಸ್ಕ್ರಿಪ್ಟನ್ನು ಎಬ್ಬಿಸುತ್ತದೆ. ಸ್ಕ್ರಿಪ್ಟ್ ಹಳೆಯ ಚೀಟಿಯಿಂದ ಶುರುಮಾಡಿ ಒಂದೊಂದಾಗಿ ಮುಗಿಸುತ್ತದೆ. ಮುಗಿದದ್ದನ್ನು “ಆಯಿತು” ಫೋಲ್ಡರಿಗೆ, ಕೆಟ್ಟದ್ದನ್ನು “ಕೆಟ್ಟಿತು” ಫೋಲ್ಡರಿಗೆ ಹಾಕುತ್ತದೆ. ಕೆಟ್ಟದ್ದನ್ನು ಮೂಲ ಫೋಲ್ಡರಿನಲ್ಲೇ ಬಿಡಬೇಡಿ. ಬಿಟ್ಟರೆ ಸಿಸ್ಟಮ್‌ಡಿ ಸ್ಕ್ರಿಪ್ಟನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ದೊಡ್ಡ ಕ್ಯೂ ಸಾಫ್ಟ್‌ವೇರ್ ಯಾವುದೂ ಬೇಕಾಗಿಲ್ಲ. ಎಷ್ಟು ಕೆಲಸ ಬಾಕಿ ಇದೆ ಅಂದರೆ ಫೋಲ್ಡರ್ ತೆರೆದು ನೋಡಿದರೆ ಸಾಕು.

ವೆಬ್‌ಹುಕ್ ಹೊರಡುವುದೇ ಇಲ್ಲ. ವಿಳಾಸ ಸರಿಯಾಗಿದೆ, ಬ್ರೌಸರಿನಲ್ಲಿ ತೆರೆಯುತ್ತದೆ. ಯಾಕೆ?

ಸ್ಕ್ರಿಪ್ಟ್ ಅದೇ ಮಷೀನಿನಲ್ಲೋ ಆಫೀಸಿನ ಒಳಗಿನ ಇನ್ನೊಂದರಲ್ಲೋ ಇದೆ, ಅಲ್ವಾ? ಗಿಟೀ ಡೀಫಾಲ್ಟಾಗಿ ಹೊರಗಿನ ವಿಳಾಸಗಳಿಗೆ ಮಾತ್ರ ವೆಬ್‌ಹುಕ್ ಕಳಿಸುತ್ತದೆ. 127.0.0.1 ಅಥವಾ 192.168 ಎಂದು ಶುರುವಾಗುವ ಒಳಗಿನ ವಿಳಾಸ ಕೊಟ್ಟರೆ ತಡೆಯುತ್ತದೆ. ಇದು ದೋಷವಲ್ಲ, ವೆಬ್‌ಹುಕ್ ಹೆಸರಿನಲ್ಲಿ ಯಾರೂ ಒಳಗಿನ ಮಷೀನುಗಳನ್ನು ತಡಕಾಡಬಾರದು ಎಂದು ಇಟ್ಟ ಬೇಲಿ. ಗಿಟೀಯ ಸೆಟ್ಟಿಂಗ್ ಇರುವ ಆ್ಯಪ್ ಡಾಟ್ ಐಎನ್ಐ ಫೈಲಿನ ವೆಬ್‌ಹುಕ್ ಭಾಗದಲ್ಲಿ ‘ಅಲೌಡ್ ಹೋಸ್ಟ್ ಲಿಸ್ಟ್’ ಎಂಬ ಸಾಲಿಗೆ ನಿಮ್ಮ ಆ ಒಂದು ವಿಳಾಸ ಸೇರಿಸಿ, ಗಿಟೀ ರೀಸ್ಟಾರ್ಟ್ ಮಾಡಿ. ಎಲ್ಲವನ್ನೂ ಒಪ್ಪುವ ನಕ್ಷತ್ರ ಚಿಹ್ನೆ ಹಾಕಬೇಡಿ. ಇದೊಂದಕ್ಕೇ ನನ್ನ ಅರ್ಧ ದಿನ ಹೋಯಿತು.

ವೆಬ್‌ಹುಕ್ ನಮ್ಮ ಸರ್ವರಿನಿಂದಲೇ ಬಂತು ಎಂದು ನಂಬುವುದು ಹೇಗೆ?

ವೆಬ್‌ಹುಕ್ ಮಾಡುವಾಗ ಒಂದು ಗುಪ್ತಪದ ಕೊಡುತ್ತೀರಿ. ಗಿಟೀ ಅದನ್ನು ಬಳಸಿ ಇಡೀ ಚೀಟಿಗೆ ಎಚ್‌ಮ್ಯಾಕ್ ಶಾ-256 ಎಂಬ ಲೆಕ್ಕದ ಸಹಿ ಹಾಕಿ, ಚೀಟಿಯ ಜೊತೆ ಹೋಗುವ ಹೆಡರಿನಲ್ಲಿ ಕಳಿಸುತ್ತದೆ. ನೀವೂ ಅದೇ ಲೆಕ್ಕ ಮಾಡಿ ಹೊಂದಿಸಿ ನೋಡಬೇಕು. ಗಿಟ್‌ಲ್ಯಾಬಿನ ‘ಸೀಕ್ರೆಟ್ ಟೋಕನ್’ ಹಾಗಲ್ಲ, ಗುಪ್ತಪದವೇ ಹೆಡರಿನಲ್ಲಿ ಬರುತ್ತದೆ. ಹಾಗಾಗಿ ಅಲ್ಲಿ ಎಚ್‌ಟಿಟಿಪಿಎಸ್ ಇಲ್ಲದೆ ಬಳಸಬೇಡಿ.

ಹೆಚ್ಚು ಜನ ಎಡವುವುದು ಎಲ್ಲಿ ಗೊತ್ತಾ? ಜೇಸನನ್ನು ಬಿಚ್ಚಿ, ಮತ್ತೆ ಜೇಸನ್ ಮಾಡಿ, ಅದರ ಮೇಲೆ ಸಹಿ ಲೆಕ್ಕ ಹಾಕುತ್ತಾರೆ. ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಸಹಿ ಹೊಂದುವುದಿಲ್ಲ. ಬಂದ ಬೈಟುಗಳ ಮೇಲೇ ಲೆಕ್ಕ ಹಾಕಿ, ಆಮೇಲೆ ಬಿಚ್ಚಿ.

ಸಹಿ ಸರಿ ಇದ್ದರೂ ಒಳಗಿನ ಮಾತನ್ನು ನಂಬಬೇಡಿ. ಬ್ರ್ಯಾಂಚ್ ಹೆಸರನ್ನು ಹಾಗೇ ಶೆಲ್ ಕಮಾಂಡಿನ ಒಳಗೆ ಅಂಟಿಸುವವರನ್ನು ನೋಡಿದ್ದೇನೆ. ಗಿಟ್ ಬ್ರ್ಯಾಂಚ್ ಹೆಸರಿನಲ್ಲಿ ಖಾಲಿ ಜಾಗ ಬಿಡಲು ಬರುವುದಿಲ್ಲ, ನಿಜ. ಆದರೆ ಸೆಮಿಕೋಲನ್, ಡಾಲರ್ ಚಿಹ್ನೆ ಎರಡೂ ನಡೆಯುತ್ತವೆ. ಕಿಡಿಗೇಡಿಗೆ ಅಷ್ಟು ಸಾಕು. ನಮ್ಮ ಸ್ಕ್ರಿಪ್ಟ್ ಎರಡೇ ಬ್ರ್ಯಾಂಚ್ ಹೆಸರು ಒಪ್ಪುತ್ತದೆ, ಮೂರನೆಯದು ಬಂದರೆ ಚೀಟಿ ಕಸದ ಬುಟ್ಟಿಗೆ.

ಒಂದೇ ಪುಶ್‌ಗೆ ಸ್ಕ್ರಿಪ್ಟ್ ಎರಡು ಸಲ ಓಡಿದರೆ?

ಓಡೇ ಓಡುತ್ತದೆ. ನೀವೇ ಒಂದು ದಿನ ಚೀಟಿಯನ್ನು ಮತ್ತೆ ಕಳಿಸುವ ಬಟನ್ ಒತ್ತುತ್ತೀರಿ. ಅದಕ್ಕೇ ಎರಡು ಸಲ ಓಡಿದರೂ ಕೆಡದ ಹಾಗೆ ಬರೆಯಬೇಕು. ನಾವು ಪ್ರತಿ ಡಿಪ್ಲಾಯ್ ಆದ ಮೇಲೆ ಕಮಿಟ್ ಹ್ಯಾಶನ್ನು (ಆ ಕಮಿಟ್‌ನ ಗುರುತಿನ ಸಂಖ್ಯೆ) ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ಮತ್ತೆ ಅದೇ ಹ್ಯಾಶ್ ಬಂದರೆ ಸ್ಕ್ರಿಪ್ಟ್ “ಆಗಲೇ ಆಗಿದೆ” ಎಂದು ಹೊರಡುತ್ತದೆ. ಎರಡು ಪುಶ್ ಒಟ್ಟಿಗೆ ಬಂದು ಎರಡು ಸ್ಕ್ರಿಪ್ಟ್ ಒಂದೇ ಫೋಲ್ಡರಿನಲ್ಲಿ ಗುದ್ದಾಡಬಾರದು ಎಂದು ಫ್ಲಾಕ್ ಎಂಬ ಬೀಗ ಹಾಕಿದ್ದೇವೆ.

ಡಿಪ್ಲಾಯ್ ಫೋಲ್ಡರಿನಲ್ಲಿ ಗಿಟ್ ಪುಲ್ ಮಾಡಿ ಹೊಸ ಕೋಡ್ ಎಳೆದುಕೊಂಡರೆ ಸಾಕಲ್ವಾ?

ಸಾಕು, ಯಾರಾದರೂ ಫೋರ್ಸ್ ಪುಶ್ ಮಾಡಿ ಸರ್ವರಿನ ಹಳೆಯ ಇತಿಹಾಸವನ್ನೇ ಬದಲಿಸುವವರೆಗೆ. ಆಗ ಪುಲ್ ಹಳೆಯದು ಹೊಸದು ಎರಡನ್ನೂ ಬೆರೆಸಲು (ಮರ್ಜ್) ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕ್ರಿಪ್ಟಿನಲ್ಲಿ ಪುಲ್ ಬೇಡ. ಫೆಚ್ ಮಾಡಿ ಹೊಸದನ್ನು ಇಳಿಸಿಕೊಂಡು, ಬೇಕಾದ ಕಮಿಟ್‌ಗೆ ಹಾರ್ಡ್ ರೀಸೆಟ್ ಮಾಡಿ, ಅಂದರೆ ಫೋಲ್ಡರನ್ನು ಹಾಗೇ ಅದಕ್ಕೆ ತನ್ನಿ.

ಇಲ್ಲಿ ನಮ್ಮದೊಂದು ಕಥೆ ಇದೆ. ಫೋಲ್ಡರ್ ಸ್ವಚ್ಛವಾಗಿರಲಿ ಎಂದು ನಾನು ರೀಸೆಟ್ ಆದ ಮೇಲೆ ಗಿಟ್ ಕ್ಲೀನ್ ಸೇರಿಸಿದೆ, ಅದರ ಕೊನೆಯ ಎಕ್ಸ್ ಆಯ್ಕೆಯ ಸಮೇತ. ಆ ಎಕ್ಸ್ ಇದ್ದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದಿರಲಿ ಎಂದು ಗಿಟ್‌ಇಗ್ನೋರ್‌ನಲ್ಲಿ ಬರೆದ ಫೈಲುಗಳೂ ಅಳಿಯುತ್ತವೆ. ನಮ್ಮ ಟೆಸ್ಟ್ ಮಷೀನಿನ ಕಾನ್ಫಿಗ್ ಹೋಯಿತು, ಜೊತೆಗೆ ಮಾದರಿಗೆಂದು ಸ್ಕ್ಯಾನ್ ಮಾಡಿಟ್ಟಿದ್ದ ಗೇಟ್ ಚೀಟಿಗಳೆಲ್ಲ ಹೋದವು. ಮಿಲ್ಲಿನ ಮಷೀನ್ ಆಗಿರಲಿಲ್ಲ, ಬಚಾವಾದೆ. ಅಂದಿನಿಂದ ಕಾನ್ಫಿಗ್, ಡೇಟಾ ಎರಡೂ ರೆಪೊ ಫೋಲ್ಡರಿನ ಹೊರಗೆ.

ಪುಶ್ ಆದ ಮೇಲೆ ಗಿಟ್ ಓಡಿಸುವ ಪೋಸ್ಟ್-ರಿಸೀವ್ ಹುಕ್ಕಿನ ಒಳಗಿನಿಂದ ಬೇರೆ ಫೋಲ್ಡರಿಗೆ ಹೋಗಿ ಗಿಟ್ ಕಮಾಂಡ್ ಕೊಡುವವರಿಗೆ ಇನ್ನೊಂದು ಮಾತು. ಹುಕ್ ಓಡುವಾಗ ‘ಗಿಟ್ ಡಿರ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಆಗಲೇ ಇಟ್ಟಿರುತ್ತದೆ. ನೀವು ಎಲ್ಲಿಗೆ ಹೋದರೂ ಗಿಟ್ ಅದನ್ನೇ ನಂಬುತ್ತದೆ. “ಇದು ಗಿಟ್ ರೆಪೊ ಅಲ್ಲ” ಎಂಬ ವಿಚಿತ್ರ ದೂರು ಬಂದರೆ ಮೊದಲು ಅದನ್ನು ಅನ್‌ಸೆಟ್ ಮಾಡಿ.

ಸ್ಕ್ರಿಪ್ಟೇ ಕಮಿಟ್ ಮಾಡಿ ಪುಶ್ ಮಾಡಬಹುದಾ?

ಮಾಡಬಹುದು, ಎಚ್ಚರವಿದ್ದರೆ. ಆವೃತ್ತಿ ಸಂಖ್ಯೆ ಏರಿಸುವ ಒಂದು ಸ್ಕ್ರಿಪ್ಟ್ ಬರೆದಿದ್ದೆವು. ಪುಶ್ ಬಂದರೆ ಸಂಖ್ಯೆ ಏರಿಸಿ ತಾನೇ ಪುಶ್ ಮಾಡುತ್ತಿತ್ತು. ಆ ಪುಶ್‌ಗೂ ವೆಬ್‌ಹುಕ್ ಹೊರಡುತ್ತದೆ ಎಂಬುದು ಯಾರ ತಲೆಗೂ ಬರಲಿಲ್ಲ. ಒಗ್ಗರಣಿ ಮಿರ್ಚಿ ತಿಂದು ಬರುವಷ್ಟರಲ್ಲಿ ಆವೃತ್ತಿ ಮುನ್ನೂರು ದಾಟಿತ್ತು.

ಸ್ಕ್ರಿಪ್ಟಿಗೆ ಬೇರೆಯೇ ಯೂಸರ್ ಮಾಡಿ. ಪುಶ್ ಮಾಡಿದವರು ಆ ಯೂಸರ್ ಆಗಿದ್ದರೆ ಚೀಟಿಯನ್ನು ಬಿಟ್ಟುಬಿಡಿ. ಇನ್ನೂ ಒಳ್ಳೆಯದು, ಕಮಿಟ್ ಬದಲು ಟ್ಯಾಗ್ (ಇರುವ ಕಮಿಟ್‌ಗೆ ಅಂಟಿಸುವ ಹೆಸರು) ಹಾಕಿಸಿ.

ಮಿಲ್ಲಿನ ಕಂಪ್ಯೂಟರಿಗೆ ಹೊಸ ಕೋಡ್ ಹೇಗೆ ಮುಟ್ಟಿಸುತ್ತೀರಿ? ಅಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇಲ್ಲ.

ಇದೇ ನಮ್ಮ ಕಡೆಯ ನಿಜವಾದ ಪ್ರಶ್ನೆ. ಕಾರಟಗಿಯ ಮಿಲ್ಲೊಂದರಲ್ಲಿ ಇಂಟರ್ನೆಟ್ ಅಂದರೆ ಕಿಟಕಿಯಲ್ಲಿಟ್ಟ ಮೊಬೈಲ್ ಡಾಂಗಲ್. ಅದಕ್ಕೆ ತನ್ನದೇ ಸಾರ್ವಜನಿಕ ವಿಳಾಸ ಇರುವುದಿಲ್ಲ. ಕಂಪನಿಯವರು ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸಿರುತ್ತಾರೆ. ನಾವು ಹೊರಗಿನಿಂದ ಬಾಗಿಲು ತಟ್ಟಿದರೆ ಒಳಗೆ ಕೇಳಿಸುವುದಿಲ್ಲ. ವೆಬ್‌ಹುಕ್ ಇಲ್ಲಿ ಕೆಲಸಕ್ಕೆ ಬಾರದು.

ಅದಕ್ಕೇ ತಿರುಗಿಸಿದೆವು. ಮಿಲ್ಲಿನ ಮಷೀನೇ ನಮ್ಮನ್ನು ಕೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ‘ಗಿಟ್ ಎಲ್ಎಸ್-ರಿಮೋಟ್’ ಓಡುತ್ತದೆ. ಇದು ಕೋಡ್ ಇಳಿಸಿಕೊಳ್ಳುವುದಿಲ್ಲ, ಬ್ರ್ಯಾಂಚು ಯಾವ ಹ್ಯಾಶಿನಲ್ಲಿದೆ ಎಂದಷ್ಟೇ ಕೇಳುತ್ತದೆ. ಡೇಟಾ ಖರ್ಚು ತೀರಾ ಕಡಿಮೆ. ಹ್ಯಾಶ್ ಬದಲಾಗಿದ್ದರೆ ಮಾತ್ರ ಫೆಚ್. ಟೆಸ್ಟ್ ಪಾಸಾದ ಮೇಲೆ ನಮ್ಮ ಆಫೀಸಿನ ಸ್ಕ್ರಿಪ್ಟು ‘ಮಿಲ್ಲಿಗೆ’ ಎಂಬ ಬ್ರ್ಯಾಂಚನ್ನು ಮುಂದಕ್ಕೆ ಸರಿಸುತ್ತದೆ, ಮಿಲ್ಲುಗಳು ಅದೊಂದನ್ನೇ ನೋಡುತ್ತವೆ. ಎಲ್ಲ ಮಿಲ್ಲುಗಳೂ ಒಂದೇ ಗಳಿಗೆಗೆ ಬಂದು ಬಾಗಿಲಲ್ಲಿ ನಿಲ್ಲಬಾರದು ಎಂದು ಟೈಮರಿನಲ್ಲಿ ಒಂದೆರಡು ನಿಮಿಷ ಹಿಂದೆಮುಂದೆ ಆಗುವ ಹಾಗೆ ಬಿಟ್ಟಿದ್ದೇವೆ.

ನಮ್ಮ ಕಡೆಗಾದರೂ ಒಂದು ಸ್ಥಿರ ವಿಳಾಸ ಬೇಕಲ್ಲ? ತಿಂಗಳ ಬಾಡಿಗೆಯ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್ಟಿನಲ್ಲಿರುವ ಬಾಡಿಗೆ ಸರ್ವರ್) ತೆಗೆದುಕೊಂಡು, ಆಫೀಸಿನ ಮಷೀನಿನಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿದ್ದೇವೆ. ಕೋಡ್ ಆಫೀಸಿನಲ್ಲೇ ಇರುತ್ತದೆ, ವಿಪಿಎಸ್ ಬರೀ ದಾರಿ. ಪ್ರತಿ ಮಿಲ್ಲಿಗೂ ಬೇರೆ ಬೇರೆ ಡಿಪ್ಲಾಯ್ ಕೀ, ಓದಲು ಮಾತ್ರ ಅನುಮತಿ. ಒಂದು ಮಿಲ್ಲು ನಮ್ಮನ್ನು ಬಿಟ್ಟರೆ ಅದರ ಕೀ ಅಳಿಸಿದರಾಯಿತು.

ಕರೆಂಟು ಹೋದರೆ ಎಲ್ಲ ನಿಂತುಬಿಡುತ್ತದಲ್ಲ?

ಏಪ್ರಿಲ್-ಮೇ ತಿಂಗಳಲ್ಲಿ ಹೋಗುವುದೂ ಬರುವುದೂ ಇದ್ದದ್ದೇ. ಯುಪಿಎಸ್ ಇದೆ, ಆದರೆ ಆ ಬಿಸಿಲಿಗೆ ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಹೇಳಿ. ಕರೆಂಟು ಹೋಗುವುದನ್ನು ತಡೆಯಲು ಆಗುವುದಿಲ್ಲ, ಬಂದ ಮೇಲೆ ತಾನಾಗಿ ಏಳಬೇಕು. ಬಯಾಸ್‌ನಲ್ಲಿ (ಮಷೀನಿನ ಮೂಲ ಸೆಟ್ಟಿಂಗ್) ಕರೆಂಟು ಬಂದ ಕೂಡಲೇ ಮಷೀನ್ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಸರ್ವಿಸುಗಳನ್ನು ಬೂಟ್ ಆದಾಗ ಏಳುವ ಹಾಗೆ ಎನೇಬಲ್ ಮಾಡಿ.

ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಬಗ್ಗೆ ಒಂದು ಮಾತು. ರಾತ್ರಿ 2 ಗಂಟೆಯ ಕೆಲಸಕ್ಕೆ ಆ ಹೊತ್ತಿನಲ್ಲಿ ಮಷೀನ್ ಆಫ್ ಇದ್ದರೆ ಕ್ರಾನ್ ಅದನ್ನು ಮರೆತೇಬಿಡುತ್ತದೆ. ಸಿಸ್ಟಮ್‌ಡಿ ಟೈಮರಿನಲ್ಲಿ ‘ಪರ್ಸಿಸ್ಟೆಂಟ್’ ಎಂದು ಬರೆದರೆ, ತಪ್ಪಿದ ಕೆಲಸವನ್ನು ಎದ್ದ ಕೂಡಲೇ ಮಾಡುತ್ತದೆ. ನಾವು ಕ್ರಾನ್ ಬಿಟ್ಟದ್ದು ಇದಕ್ಕೇ.

ವೆಬ್‌ಹುಕ್ಕಿಗೂ ಇದೇ ತೊಂದರೆ. ಕೇಳುವವನು ಮಲಗಿದ್ದಾಗ ಬಂದ ಚೀಟಿಯನ್ನು ಗಿಟೀ ತಾನಾಗಿ ಮತ್ತೆ ಕಳಿಸುವುದಿಲ್ಲ. ವೆಬ್‌ಹುಕ್ ಪುಟದಲ್ಲಿ ಹಳೆಯ ರವಾನೆಗಳ ಪಟ್ಟಿ ಇರುತ್ತದೆ, ಅಲ್ಲಿಂದ ನೀವೇ ಕಳಿಸಬೇಕು. ನಾವು ಅದನ್ನು ನೆಚ್ಚಿಕೊಂಡಿಲ್ಲ. ಗಂಟೆಗೊಮ್ಮೆ ಒಂದು ಸಣ್ಣ ಸ್ಕ್ರಿಪ್ಟ್ ಎಲ್ಲ ರೆಪೊಗಳ ಹ್ಯಾಶ್ ನೋಡಿ, ಕೆಲಸ ಆಗದೆ ಉಳಿದದ್ದು ಸಿಕ್ಕರೆ ತಾನೇ ಒಂದು ಚೀಟಿ ಬರೆದು ಫೋಲ್ಡರಿಗೆ ಹಾಕುತ್ತದೆ. ಹಮಾಲನಿಗೆ ಚೀಟಿ ಯಾರು ಬರೆದರೇನು?

ಕೆಟ್ಟ ಕೋಡನ್ನು ಬಾಗಿಲಲ್ಲೇ ತಡೆಯಬಹುದಾ?

ಅದಕ್ಕೆ ಪ್ರೀ-ರಿಸೀವ್ ಹುಕ್. ಅದು ಸೊನ್ನೆಯಲ್ಲದ ಸಂಖ್ಯೆ ಹಿಂತಿರುಗಿಸಿದರೆ ಪುಶ್ ತಿರಸ್ಕಾರವಾಗುತ್ತದೆ. ವೆಬ್‌ಹುಕ್‌ಗೆ ಈ ಶಕ್ತಿ ಇಲ್ಲ, ಅದು ಹೊರಡುವಷ್ಟರಲ್ಲಿ ಪುಶ್ ಆಗಿಹೋಗಿರುತ್ತದೆ. ನಾವು ಇಲ್ಲಿ ನೋಡುವುದು ಎರಡೇ: ಪಾಸ್‌ವರ್ಡ್ ಫೈಲ್ ಒಳಗೆ ಬಂತಾ, 20 ಎಂಬಿಗಿಂತ ದೊಡ್ಡ ಫೈಲ್ ಬಂತಾ. ಇಲ್ಲಿ ಟೆಸ್ಟ್ ಓಡಿಸಬೇಡಿ, ಪುಶ್ ಮಾಡಿದವರು ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಗಿಟೀಯಲ್ಲಿ ನಿಮ್ಮ ಸ್ಕ್ರಿಪ್ಟನ್ನು ರೆಪೊದ ಹುಕ್ಸ್ ಫೋಲ್ಡರಿನ ಒಳಗಿನ ‘ಪ್ರೀ-ರಿಸೀವ್ ಡಾಟ್ ಡಿ’ ಫೋಲ್ಡರಿನಲ್ಲಿ ಇಡಿ. ಹೊರಗಿನ ಪ್ರೀ-ರಿಸೀವ್ ಫೈಲ್ ಗಿಟೀಯದೇ, ಅದನ್ನು ತಿದ್ದಿದರೆ ಒಂದಲ್ಲ ಒಂದು ದಿನ ಅದು ಅಳಿಸಿ ತನ್ನದನ್ನು ಬರೆಯುತ್ತದೆ. ವೆಬ್ ಪುಟದಿಂದಲೇ ಹುಕ್ ಬರೆಯುವ ಸೌಲಭ್ಯ ಡೀಫಾಲ್ಟಾಗಿ ಮುಚ್ಚಿರುತ್ತದೆ. ಹಾಗೇ ಇರಲಿ. ಅದನ್ನು ತೆರೆದರೆ, ಆ ಅನುಮತಿ ಇರುವವರು ಸರ್ವರಿನಲ್ಲಿ ಯಾವ ಕಮಾಂಡ್ ಬೇಕಾದರೂ ಓಡಿಸಬಹುದು.

ಆ್ಯಕ್ಷನ್ಸ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಗಿಟೀಗೆ ಆ್ಯಕ್ಷನ್ಸ್ ಬಂದದ್ದು 2023ರಲ್ಲಿ, 1.19ನೇ ಆವೃತ್ತಿಯಲ್ಲಿ. ಗಿಟ್‌ಹಬ್ ಆ್ಯಕ್ಷನ್ಸ್ ಬರೆದು ಗೊತ್ತಿದ್ದರೆ ಸಲೀಸು. ಹೊಸದಾಗಿ ಶುರುಮಾಡುವವರು ಟೆಸ್ಟಿಗೆ ಅದನ್ನೇ ಬಳಸಿ. ರನ್ನರನ್ನು ಬೇರೆ ಮಷೀನಿನಲ್ಲಿ ಹಾಕಿದರೆ ಒಳ್ಳೆಯದು. ನಮ್ಮದು ಅದಕ್ಕೂ ಮೊದಲಿನ ಸಂಸಾರ, ಮೇಲಾಗಿ ಡಾಕರ್ ಇಮೇಜುಗಳೆಂಬ ದೊಡ್ಡ ಸಿದ್ಧ ಪೊಟ್ಟಣಗಳನ್ನು ಪದೇ ಪದೇ ಇಳಿಸುವಷ್ಟು ನೆಟ್ ನಮ್ಮಲ್ಲಿಲ್ಲ.

ಕನ್ನಡ ಹೆಸರಿನ ಫೈಲ್ ಬಂದರೆ ಸ್ಕ್ರಿಪ್ಟ್ ಕೆಡುತ್ತದೆ. ಯಾಕೆ?

ಬಿಲ್ಲಿನ ನಮೂನೆಗಳಿಗೆ ನಾವು ಕನ್ನಡದಲ್ಲೇ ಹೆಸರಿಡುತ್ತೇವೆ. ಬದಲಾದ ಫೈಲುಗಳ ಪಟ್ಟಿ ಕೇಳಿದರೆ ಗಿಟ್ ಅವನ್ನು \340\262 ಎಂದು ಶುರುವಾಗುವ ಅಂಕಿಗಳ ಸಾಲಾಗಿ ಕೊಡುತ್ತಿತ್ತು. ಆ ಹೆಸರಿನ ಫೈಲ್ ಎಲ್ಲಿದೆ ಎಂದು ಸ್ಕ್ರಿಪ್ಟ್ ಹುಡುಕುತ್ತಿತ್ತು. ಗಿಟ್ ಕಾನ್ಫಿಗ್‌ನಲ್ಲಿ ‘ಕೋರ್ ಡಾಟ್ ಕೋಟ್‌ಪಾತ್’ ಅನ್ನು ಫಾಲ್ಸ್ ಮಾಡಿ, ಸರಿಹೋಗುತ್ತದೆ.

ಬ್ಯಾಕಪ್?

ರಾತ್ರಿ ಗಿಟೀ ಡಂಪ್ (ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟುವ ಕಮಾಂಡ್), ಅದರ ನಕಲು ಊರಾಚೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ ನಾವು ಎಲ್ಲರ ಹಾಗೆ ನೀರಿನ ಬಗ್ಗೆಯೇ ಮಾತಾಡುತ್ತಿದ್ದೆವು. ಮಧ್ಯದಲ್ಲಿ ಒಬ್ಬ ಕೇಳಿದ, “ನಮ್ಮ ಬ್ಯಾಕಪ್ ಎಲ್ಲಿದೆ?” ಅದೇ ಡೆಸ್ಕ್‌ಟಾಪಿನ ಎರಡನೇ ಡಿಸ್ಕಿನಲ್ಲಿತ್ತು. ಮರುದಿನವೇ ಒಂದು ನಕಲು ಕೊಪ್ಪಳದ ಗೆಳೆಯನ ಮನೆಗೆ ಹೋಯಿತು. ಮೂರು ತಿಂಗಳಿಗೊಮ್ಮೆ ಅದರಿಂದ ಇನ್ನೊಂದು ಮಷೀನಿನಲ್ಲಿ ಎಲ್ಲವನ್ನೂ ಎಬ್ಬಿಸಿ ನೋಡುತ್ತೇವೆ.

ಇದನ್ನೆಲ್ಲ ಬೇಕಾದಾಗ ನಿಲ್ಲಿಸುವುದು ಹೇಗೆ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ನಮ್ಮ ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲು ಒಂದೇ: ‘ನಿಲ್ಲು’ ಎಂಬ ಹೆಸರಿನ ಫೈಲ್ ಇದೆಯಾ ನೋಡು, ಇದ್ದರೆ ಏನೂ ಮಾಡದೆ ಹೊರಡು. ಫೈಲಿನ ಒಳಗೆ ಯಾರು ನಿಲ್ಲಿಸಿದರು, ಯಾಕೆ ಎಂದು ಒಂದು ಸಾಲು ಬರೆದಿರುತ್ತದೆ. ಚೀಟಿಗಳು ಫೋಲ್ಡರಿನಲ್ಲಿ ಸೇರುತ್ತಾ ಹೋಗುತ್ತವೆ, ಯಾವುದೂ ಕಳೆದುಹೋಗುವುದಿಲ್ಲ. ನಿಲ್ಲಿಸುವಾಗ ಪಾತ್ ಯುನಿಟ್ಟನ್ನೂ ಸ್ಟಾಪ್ ಮಾಡಿ, ಇಲ್ಲದಿದ್ದರೆ ಅದು ಸ್ಕ್ರಿಪ್ಟನ್ನು ಸುಮ್ಮಸುಮ್ಮನೆ ಮತ್ತೆ ಮತ್ತೆ ಎಬ್ಬಿಸಿ, ಕೊನೆಗೆ ಮಿತಿ ಮೀರಿತೆಂದು ತಾನೇ ಕೆಟ್ಟು ನಿಲ್ಲುತ್ತದೆ.

ನವೆಂಬರಿನಲ್ಲಿ ಸುಗ್ಗಿ ಶುರುವಾದರೆ ಮಿಲ್ಲಿನ ಸಾಹುಕಾರರ ಫೋನ್ ಬರುತ್ತದೆ: “ಈಗ ಏನೂ ಮುಟ್ಟಬ್ಯಾಡ್ರಿ.” ಅವತ್ತೇ ಆ ಮಿಲ್ಲಿನ ಮಷೀನಿನಲ್ಲಿ ‘ನಿಲ್ಲು’ ಬೀಳುತ್ತದೆ. ಗೇಟಿನ ಮುಂದೆ ಲಾರಿ ಸಾಲು ಕರಗಿ, ಅವರೇ ಮತ್ತೆ ಫೋನ್ ಮಾಡಿದ ಮೇಲೆ ಅಳಿಸುತ್ತೇವೆ.